ಸಕ್ಕರೆಯ ಹರಳಿನ ಸಾಕ್ಷ್ಯ: ವುಲ್ಫ್‌ನ ನಿಯಮದ ಒಂದು ವಿಮರ್ಶೆ

ಹರಳಿನ ಆಕಾರವು ಅದರ ಮೇಲ್ಮೈ ಶಕ್ತಿಯ ಪ್ರತಿಬಿಂಬವೆಂದು ಹೇಳುವುದುಂಟು. ಇದಕ್ಕೆ ಆಧಾರವಾಗಿ ರಷ್ಯದ ಸ್ಫಟಿಕವಿಜ್ಞಾನಿ ವುಲ್ಫ್ 1901ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಹೆಸರಿಸುವುದು ವಾಡಿಕೆ. ಮೂಲವನ್ನು ಪರೀಕ್ಷಿಸದೆ ಯಾವ ಆಧಾರವನ್ನೂ ಅಂಗೀಕರಿಸಬಾರದೆಂಬುದು ಇತಿಹಾಸಾಭ್ಯಾಸದ ಮೊದಲ ಪಾಠ. ಆ ಪಾಠವನ್ನು ಇಲ್ಲಿಗೂ ಅನ್ವಯಿಸಿ, ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಗೆ ಅದರಿಂದ ತಿಳಿದುಬರುವುದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹರಳಿನ ಒಂದೊಂದು ಮುಖವನ್ನು ನಿರ್ಮಿಸಲು ಇಷ್ಟು ವಿಸ್ತೀರ್ಣಕ್ಕೆ ಇಷ್ಟೆಂದು ತಗಲುವ ಶಕ್ತಿಯೇ ಮೇಲ್ಮೈ ಶಕ್ತಿ. ಸಮತೋಲದಲ್ಲಿರುವ ಹರಳು ಈ ಶಕ್ತಿಯ ಒಟ್ಟು ಮೊತ್ತ ಅತ್ಯಲ್ಪವಾಗುವ ಆಕಾರವನ್ನು ತಾಳುವುದೆಂದು ಅಮೆರಿಕದ ಗಿಬ್ಸ್ 1878ರ ವೇಳೆಗೆ ತೋರಿಸಿದ್ದನು. ಆದರೆ ಇದು ಅತಿ ಚಿಕ್ಕ ಹರಳುಗಳಿಗೆ ಸಲ್ಲುವ ಮಾತೆಂದೂ, ದೊಡ್ಡವುಗಳ ಆಕಾರವನ್ನು ಬೆಳವಣಿಗೆಯ ರೀತಿಯೇ ನಿರ್ಧರಿಸುವುದೆಂದೂ ಆತನೇ ಎಚ್ಚರಿಸಿದ್ದನು. ಇನ್ನು ವುಲ್ಫ್‌ನ ಪ್ರಬಂಧದ ಶೀರ್ಷಿಕೆಯಲ್ಲಿರುವುದು ಮುಖಗಳು ಬೆಳೆಯುವ ಮತ್ತು ಕರಗುವ ವೇಗದ ಪ್ರಶ್ನೆ. ಆತನು ಬೆಳವಣಿಗೆಯ ವೇಗವನ್ನು ಅಳೆದು, ಅದು ಮೇಲ್ಮೈ ಶಕ್ತಿಗೆ ಅನುಗುಣವಾದುದೆಂದು ಭಾವಿಸಿದನು. ಕೇಂದ್ರದಿಂದ ಮುಖಕ್ಕಿರುವ ದೂರವು ಆ ಮುಖದ ಶಕ್ತಿಗೆ ಅನುಪಾತದಲ್ಲಿರುವುದೆಂಬ ಆತನ ನಿಯಮ ಸಮತೋಲದ ಹರಳಿಗೆ ನಿಜವೇ. ಲಾವೆ 1943ರಲ್ಲಿಯೂ ಹೆರಿಂಗ್ 1951ರಲ್ಲಿಯೂ ಅದನ್ನು ಸಮರ್ಥಿಸಿದರು. ನಿಯಮ ಉಳಿಯಿತು; ವೇಗವೇ ಶಕ್ತಿಯೆಂಬ ಭಾವನೆ ಉಳಿಯಲಿಲ್ಲ.

ಈ ಭೇದವನ್ನು ಸ್ಪಷ್ಟಪಡಿಸಿದ್ದು ಸೂಕ್ಷ್ಮದರ್ಶಕ. ಸುರುಳಿಯಾಕಾರದ ಮೆಟ್ಟಿಲುಗಳ ಮೂಲಕ ಹರಳು ಬೆಳೆಯಬಹುದೆಂದು ಫ್ರಾಂಕ್ 1949ರಲ್ಲಿ ಊಹಿಸಿದನು. ಮರುವರ್ಷವೇ ಗ್ರಿಫಿನ್ ಬೆರಿಲ್ ಹರಳಿನ ಮೇಲೆ ಆ ಸುರುಳಿಗಳನ್ನು ಕಂಡನು. ಅತ್ತ, ಲೋಹದ ಅತಿ ಸೂಕ್ಷ್ಮ ಕಣಗಳನ್ನು ಬಹುಕಾಲ ಕಾಯಿಸಿಟ್ಟು, ಅವುಗಳ ಆಕಾರದಿಂದ ಮುಖಗಳ ಶಕ್ತಿಯನ್ನು ಹೋಲಿಸುವ ಕಾರ್ಯವನ್ನು ಸುಂಡ್‌ಕ್ವಿಸ್ಟ್ 1964ರಲ್ಲಿ ನಡೆಸಿದನು. ಹೀಗೆ ಸಣ್ಣ ಕಣವು ಶಕ್ತಿಗೆ ಸಾಕ್ಷಿ. ಬರಿಗಣ್ಣಿಗೆ ಕಾಣುವ ಹರಳು ತಾನು ಬೆಳೆದ ಪರಿಸ್ಥಿತಿಗೆ ಸಾಕ್ಷಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಈ ಎರಡನೆಯ ಸಾಕ್ಷಿ ಹೇರಳವಾಗಿದೆ. ಉಗಾರ ಖುರ್ದದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಯಾಯಿತು. ಮುಂದೆ ಸಹಕಾರಿ ಕಾರ್ಖಾನೆಗಳೂ ಎದ್ದವು. ಕಡಿದ ಕಬ್ಬು ಬಿದ್ದುಕೊಂಡಷ್ಟೂ ಅದರ ತುದಿಗಳಲ್ಲಿ ಒಂದು ಬಗೆಯ ಸೂಕ್ಷ್ಮಜೀವಿ ಬೆಳೆದು, ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟಾಗಿ ಮಾರ್ಪಡಿಸುತ್ತದೆ. ಪಾಕದಲ್ಲಿ ಈ ಅಂಟು ಹರಳಿನ ಕೆಲವು ಮುಖಗಳಿಗೆ ಹತ್ತಿ ಅವುಗಳ ಬೆಳವಣಿಗೆಯನ್ನು ತಡೆಯುವುದರಿಂದ, ಹರಳು ಒಂದೇ ದಿಕ್ಕಿಗೆ ನೀಳವಾಗುತ್ತದೆ. ಬೀಟ್ ಸಕ್ಕರೆಯಲ್ಲಿ ರಾಫಿನೋಸ್ ಎಂಬ ದ್ರವ್ಯದಿಂದ ಅದು ಬೇರೊಂದು ದಿಕ್ಕಿಗೆ ನೀಳುತ್ತದೆ. ವಸ್ತು ಒಂದೇ, ಆಕಾರ ಬೇರೆ ಬೇರೆ. ಆಕಾರವು ಶುದ್ಧ ವಸ್ತುವಿನ ಮೇಲ್ಮೈ ಶಕ್ತಿಯಿಂದಲೇ ನಿಶ್ಚಿತವಾಗುವುದಾದರೆ ಹೀಗಾಗುವುದು ಅಸಾಧ್ಯ. ನೀಳವಾದ ಹರಳುಗಳ ನಡುವಿನಿಂದ ಕಾಕಂಬಿ ಸುಲಭವಾಗಿ ಬೇರ್ಪಡದೆ ಕಾರ್ಖಾನೆಗೂ ನಷ್ಟವಾಗುತ್ತದೆ.

ಆದರೆ ಈ ಸಾಕ್ಷ್ಯಕ್ಕೂ ಮಿತಿಯುಂಟು. ಬೇರೆ ಕೆಲವು ಕಲ್ಮಷಗಳೂ ಹರಳನ್ನು ನೀಳವಾಗಿಸಬಲ್ಲವು. ಆದುದರಿಂದ ಗಾಜಿನ ಪಟ್ಟಿಯ ಮೇಲೆ ಕಂಡುದನ್ನು ರಸದ ಪರೀಕ್ಷೆಯೊಡನೆಯೂ, ಕಡಿದ ಮತ್ತು ಅರೆದ ವೇಳೆಯ ದಾಖಲೆಯೊಡನೆಯೂ ತಾಳೆ ನೋಡಬೇಕು. ತಡವಾದುದು ಹೀಗೆ ಸಿದ್ಧವಾದರೂ, ಯಾರಿಂದ ತಡವಾಯಿತೆಂಬುದನ್ನು ಹರಳು ಹೇಳದು. ಕಡಿಯುವ ಆಳುಗಳು ದೊರೆಯದೆ ಹೋದುದೋ, ಬಂಡಿ ಬಾರದುದೋ, ಕಾರ್ಖಾನೆಯ ಅಂಗಳದಲ್ಲಿ ಸರದಿ ನಿಂತುದೋ? ಹಳಸಿದ ಕಬ್ಬಿನ ತಪ್ಪನ್ನು ರೈತನೊಬ್ಬನ ತಲೆಗೇ ಕಟ್ಟುವ ಮುನ್ನ ಈ ಮೂರನ್ನೂ ಪರಿಶೀಲಿಸುವುದು ನ್ಯಾಯ. ವುಲ್ಫ್‌ನ ಪ್ರಬಂಧವನ್ನು ಓದುವಾಗ ಬೇಕಾದ ವಿವೇಕವೇ ಸಕ್ಕರೆಯ ಹರಳನ್ನು ಓದುವಾಗಲೂ ಬೇಕು: ಸಾಕ್ಷಿ ನುಡಿದಷ್ಟನ್ನು ಮಾತ್ರ ಅಂಗೀಕರಿಸತಕ್ಕದ್ದು.