ಅಂತ್ರವೃದ್ಧಿಯ ಶಸ್ತ್ರಕ್ರಿಯೆಯಲ್ಲಿ ದೇಸರಡಾ ಪದ್ಧತಿ: ಒಂದು ವಿಮರ್ಶೆ

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆಗಳನ್ನು ಹೊರುವ ಹಮಾಲರಿಗೂ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಒಕ್ಕಲುಮಕ್ಕಳಿಗೂ ತೊಡೆಸಂದಿಯಲ್ಲಿ ಕರುಳು ಇಳಿಯುವ ಬೇನೆಯು ಹೊಸತಲ್ಲ. ಜನರು ಇದನ್ನು ಅಂಡವಾಯುವೆನ್ನುವರು. ಈಗಿನ ವೈದ್ಯರು ಹರ್ನಿಯಾ ಎನ್ನುವರು. ಸುಶ್ರುತನ ಅಂತ್ರವೃದ್ಧಿಯೆಂಬ ಶಬ್ದವೇ ಇವೆರಡಕ್ಕಿಂತಲೂ ಮೇಲೆಂದು ನಮ್ಮ ಅಭಿಪ್ರಾಯ. ಅದು ವಾಯುವನ್ನು ಬಿಟ್ಟು ಕರುಳನ್ನೇ ಹೆಸರಿಸುತ್ತದೆ. ವಂಕ್ಷಣದಲ್ಲಿ ನಿಂತುದಕ್ಕೆ ಆ ಆಚಾರ್ಯನು ಅರ್ಧಚಂದ್ರಾಕಾರದ ಶಲಾಕೆಯಿಂದ ದಹನವನ್ನು ವಿಧಿಸಿ, ವೃಷಣಕೋಶಕ್ಕೆ ಇಳಿದುದನ್ನು ಅಸಾಧ್ಯವೆಂದು ಬಿಟ್ಟನು.

ಆ ಅಸಾಧ್ಯವು ಸಾಧ್ಯವಾದುದು ಬಹುಮಟ್ಟಿಗೆ 1884ರಿಂದೀಚೆಗೆ, ಇಟಲಿಯ ಬಸ್ಸೀನಿಯು ಹಿಂಗೋಡೆಯನ್ನು ಹೊಲಿದು ಕಟ್ಟುವ ಕ್ರಮವನ್ನು ತೊಡಗಿದ ಮೇಲೆ. ಹೊಲಿಗೆಯ ಎಳೆತದಿಂದ ಅಂಗಾಂಶವು ಹರಿಯುವುದೇ ಅದರ ದೋಷ. ಅಮೆರಿಕದ ಲಿಕ್ಟೆನ್‌ಸ್ಟೈನನೂ ಅವನ ಸಂಗಡಿಗರೂ 1989ರಲ್ಲಿ ಪ್ರಕಟಿಸಿದ ಕೃತಕ ಬಲೆಯ ಪದ್ಧತಿಯು ಈ ಎಳೆತವನ್ನು ನೀಗಿಸಿ ಲೋಕಮಾನ್ಯವಾಯಿತು.

ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುವ ಹೆದ್ದಾರಿಯು ಬಡಗಲಿಗೆ ಮುಟ್ಟುವ ಪುಣೆಯಲ್ಲಿ ಡಾ. ಮೋಹನ ದೇಸರಡಾ ಅವರು ಮೂರನೆಯ ಹಾದಿಯನ್ನು ಹಿಡಿದರು. 2001ರಲ್ಲಿ 400 ರೋಗಿಗಳ, 2006ರಲ್ಲಿ 860 ರೋಗಿಗಳ ಅನುಭವವನ್ನು ಅವರು ಪ್ರಬಂಧಗಳಾಗಿ ಪ್ರಕಟಿಸಿದರು. ಹೊಟ್ಟೆಯ ಹೊರ ಓರೆಸ್ನಾಯುವಿನ ಕಂಡರಪಟದಿಂದ ಒಂದೆರಡು ಸೆಂಟಿಮೀಟರು ಅಗಲದ ಪಟ್ಟಿಯನ್ನು ಸೀಳಿ, ಅದರ ಎರಡೂ ತುದಿಗಳನ್ನು ಕಡಿಯದೆ, ಕೆಳಗೆ ವಂಕ್ಷಣಬಂಧಕ್ಕೂ ಮೇಲೆ ಸ್ನಾಯುಕಮಾನಿಗೂ ಹೊಲಿಯುವುದೇ ಈ ಕ್ರಮ. ಹೊರಗಿನ ವಸ್ತುವೊಂದೂ ಬೇಡ. (ಕಂಡರಪಟವೆಂಬುದು ನಾವು ಕಟ್ಟಿದ ಪದ. ಸಂಸ್ಕೃತದ ಸ್ನಾಯುವು ನಾರು. ಕನ್ನಡದಲ್ಲಿ ಅದು ಮಾಂಸಖಂಡವಾಗಿ ಕುಳಿತಿದೆ. ಈ ಗೊಂದಲವನ್ನು ಬಿಡಿಸದೆ ಶಾರೀರಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವುದು ಕಷ್ಟ.)

ವಿಮರ್ಶೆಗೆ ಮುಖ್ಯವಾದುದು ಪದ್ಧತಿಗಿಂತಲೂ ಅದಕ್ಕೆ ಅವರು ಕೊಡುವ ಕಾರಣ. ಸ್ಥಳಿಕ ಅರಿವಳಿಕೆಯಲ್ಲಿರುವ ರೋಗಿಯನ್ನು ಕೆಮ್ಮಿಸಿದರೆ ಪಟ್ಟಿಯು ಬಿಗಿಯುವುದು ಕಣ್ಣಿಗೆ ಕಾಣುತ್ತದೆ. ಆದುದರಿಂದ ಅದು ಸಜೀವವಾದ, ಚಲಿಸುವ ಗೋಡೆ, ಬಲೆಯು ಜಡವಾದ ತಡೆ ಎಂಬುದು ಅವರ ವಾದ. ವಾದವು ಮನೋಹರವಾದುದು. ಆದರೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಕಂಡ ಬಿಗಿತವು ಗಾಯವು ಮಾಗಿ ಕಲೆಗಟ್ಟಿದ ಮೇಲೆಯೂ ಹಾಗೆಯೇ ಉಳಿಯುವುದೆಂದು ಅದರಿಂದ ಸಿದ್ಧವಾಗದು. ಒಬ್ಬನೇ ಕರ್ತೃವು ತನ್ನ ರೋಗಿಗಳನ್ನು ತಾನೇ ಎಣಿಸಿದಾಗ, ಎಣಿಕೆಯು ಎಷ್ಟು ದೊಡ್ಡದಾದರೂ, ಹೋಲಿಕೆಯ ಕೊರತೆಯು ತೀರದು.

ಆ ಕೊರತೆಯನ್ನು ತುಂಬಿದವರು ದೂರದೇಶದವರು. ಪೋಲೆಂಡಿನಲ್ಲಿ 208 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ ಮೂರು ವರ್ಷ ನೋಡಿದರು. 2012ರಲ್ಲಿ ಪ್ರಕಟವಾದ ಅವರ ವರದಿಯಂತೆ ದೇಸರಡಾ ಪಂಗಡದಲ್ಲಿ ಇಬ್ಬರಿಗೆ, ಲಿಕ್ಟೆನ್‌ಸ್ಟೈನ್ ಪಂಗಡದಲ್ಲಿ ಇಬ್ಬರಿಗೆ ಬೇನೆಯು ಮರುಕಳಿಸಿತು. ಉಗಾಂಡಾದ 101 ರೋಗಿಗಳ ಪರೀಕ್ಷೆಯೂ ಅದೇ ವರ್ಷದ್ದು, ಆದರೆ ಅದರ ಅವಧಿಯು ಬಹಳ ಕಿರಿದು. ಇವುಗಳಿಂದ ಫಲವು ಸಮವೆಂದು ತಿಳಿಯಬಹುದು. ಸಜೀವಗೋಡೆಯ ಸಿದ್ಧಾಂತಕ್ಕೆ ಇವುಗಳಿಂದ ಬೆಂಬಲವೂ ಇಲ್ಲ, ಖಂಡನೆಯೂ ಇಲ್ಲ. ಈ ಭೇದವನ್ನು ಪ್ರಶಂಸಕರು ಮರೆಯುವರು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬಲೆಯನ್ನೇ ಶಿಫಾರಸು ಮಾಡಿ, ಬಲೆಯಿಲ್ಲದ ಕ್ರಮಗಳಲ್ಲಿ ಕೆನಡಾದ ಶೋಲ್ಡೈಸ್ ಪದ್ಧತಿಗೆ ಅಗ್ರಸ್ಥಾನವಿತ್ತಿತು.

ಬಲೆಯು ದುಬಾರಿಯೆಂಬ ಅನುಕೂಲವಾದವೂ ಈಗ ಮೊದಲಿನಷ್ಟು ಗಟ್ಟಿಯಲ್ಲ. ಧುಳೆ ಜಿಲ್ಲೆಯ ದೊಂಡಾಯಿಚಾದ ಡಾ. ತೋಂಗಾಂವಕರರು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧೀಕರಿಸಿ ಬಲೆಯಾಗಿ ಬಳಸಿ 2003ರಲ್ಲಿ ವರದಿಯಿತ್ತರು. 2016ರಲ್ಲಿ ಪ್ರಕಟವಾದ ಉಗಾಂಡಾದ 302 ಗಂಡಸರ ಪರೀಕ್ಷೆಯಲ್ಲಿ, ಒಂದು ವರ್ಷದ ತರುವಾಯ, ಇಂಥ ಅಗ್ಗದ ಬಲೆಯವರಲ್ಲಿ ಒಬ್ಬನಿಗೆ ಮಾತ್ರ ಬೇನೆಯು ಮರಳಿತ್ತು, ಬೆಲೆಯುಳ್ಳ ಬಲೆಯವರಲ್ಲಿ ಯಾರಿಗೂ ಇಲ್ಲ. ಹೀಗಿದ್ದರೂ ಸೋಂಕು ತಗಲಿದ ಎಡೆಯಲ್ಲಿ, ಅಥವಾ ರೋಗಿಯೇ ಬಲೆಯನ್ನು ಒಲ್ಲೆನೆಂದಾಗ, ತನ್ನದೇ ಮೈಯ ಪಟ್ಟಿಯೊಂದು ಕೈಗೆ ಸಿಕ್ಕುವುದು ಸಣ್ಣ ಲಾಭವಲ್ಲ. ಅಂಡಿಗೆ ಹೊರುವವನು ಮೂರು ವರ್ಷವಲ್ಲ, ಮೂವತ್ತು ವರ್ಷ ಹೊರುತ್ತಾನೆ. ಅಷ್ಟು ದೀರ್ಘಕಾಲದ ಎಣಿಕೆಯು ದೇಸರಡಾ ಅವರ ಪ್ರಬಂಧಗಳಲ್ಲಿಯೂ ಇಲ್ಲ, ಪೋಲೆಂಡಿನ ವರದಿಯಲ್ಲಿಯೂ ಇಲ್ಲ.