ಹೆರ್ನಾಂಡಿಸ್‌ನ ಚಂದ್ರೋದಯ: ಒಂದು ಛಾಯಾಚಿತ್ರದ ಬೆಳಕಿನ ಲೆಕ್ಕ

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ (1902–1984) ತೆಗೆದ ‘ಮೂನ್‌ರೈಸ್, ಹೆರ್ನಾಂಡಿಸ್, ನ್ಯೂ ಮೆಕ್ಸಿಕೊ’ ಎಂಬ ಕಪ್ಪು-ಬಿಳುಪು ಚಿತ್ರವನ್ನು ನೀವು ಎಲ್ಲಾದರೂ ನೋಡಿರಬಹುದು. ಕೆಳಭಾಗದಲ್ಲಿ ಕುರುಚಲು ಪೊದೆಗಳ ಬಯಲು; ಅದರಾಚೆ ಒಂದು ಸಣ್ಣ ಹಳ್ಳಿ, ಚರ್ಚು, ಸ್ಮಶಾನದಲ್ಲಿ ಹೊಳೆಯುವ ಬಿಳಿ ಶಿಲುಬೆಗಳು; ದೂರದಲ್ಲಿ ಹಿಮ ಹೊದ್ದ ಬೆಟ್ಟಸಾಲು ಮತ್ತು ಮೋಡದ ಪಟ್ಟಿ. ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪು ಆಕಾಶ. ಅದರಲ್ಲಿ ಪುಟ್ಟದೊಂದು ಚಂದ್ರ. ಗ್ರಾಮೀಣ ಭೂದೃಶ್ಯದ ಛಾಯಾಚಿತ್ರಗಳಲ್ಲಿ ಇದರಷ್ಟು ಪ್ರಸಿದ್ಧವಾದವು ಕಡಿಮೆ.

ಈ ಚಿತ್ರವನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಕಥೆ ಹೇಳುತ್ತಾರೆ. ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ, ಸೂರ್ಯ ಮುಳುಗುವುದರಲ್ಲಿದ್ದ, ಆಡಮ್ಸ್ ಊಹೆಯ ಮೇಲೆ ಷಟರ್ ಒತ್ತಿದರು, ಚಿತ್ರ ಅದ್ಭುತವಾಗಿ ಬಂತು ಎಂದು. ಮೀಟರು ಸಿಗದಿದ್ದುದು ನಿಜ. ಆದರೆ ‘ಊಹೆ’ ಎಂಬ ಮಾತು ತಪ್ಪು. ‘ಅದ್ಭುತವಾಗಿ ಬಂತು’ ಎಂಬುದೂ ಅರ್ಧ ಸತ್ಯವೇ. ಇವೆರಡನ್ನೂ ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರೆ, ಇಂದು ಡಿಜಿಟಲ್ ಕ್ಯಾಮೆರಾ ಹಿಡಿದು ಹೊಲಗದ್ದೆಗಳ ಚಿತ್ರ ತೆಗೆಯುವ ನಿಮಗೂ ಉಪಯೋಗವಾಗುವ ಪಾಠವೊಂದು ಸಿಗುತ್ತದೆ.

ನೆನಪಿನಲ್ಲಿದ್ದ ಒಂದು ಸಂಖ್ಯೆ

ಆಡಮ್ಸ್ ತಮ್ಮ ‘ಎಗ್ಸಾಂಪಲ್ಸ್’ (1983) ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ಆ ಗಳಿಗೆಯಲ್ಲಿ ಅವರಿಗೆ ನೆನಪಾದುದು ಚಂದ್ರನ ಮೇಲ್ಮೈಯ ಪ್ರಕಾಶ: ಚದರ ಅಡಿಗೆ 250 ಕ್ಯಾಂಡಲ್. ಇಂದಿನ ಮಾನದಲ್ಲಿ ಇದು ಚದರ ಮೀಟರಿಗೆ ಸುಮಾರು 2,700 ಕ್ಯಾಂಡೆಲಾ.

ಸುಮಾರು 1940ರಲ್ಲಿ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ‘ವಲಯ ಪದ್ಧತಿ’ಯಲ್ಲಿ ದೃಶ್ಯದ ಪ್ರಕಾಶವನ್ನು ಕಪ್ಪಿನಿಂದ ಬಿಳಿಯವರೆಗೆ ವಲಯಗಳಾಗಿ ವಿಂಗಡಿಸುತ್ತಾರೆ. ಒಂದೊಂದು ವಲಯ ಮೇಲೇರಿದಂತೆ ಬೆಳಕು ಎರಡು ಪಟ್ಟಾಗುತ್ತದೆ. 5ನೆಯ ವಲಯ ನಡುಬೂದು. ಆಡಮ್ಸ್ ಚಂದ್ರನನ್ನು 7ನೆಯ ವಲಯದಲ್ಲಿ ಇರಿಸಿದರು. ಎರಡು ವಲಯ ಕೆಳಗೆ ಎಂದರೆ ನಾಲ್ಕನೆಯ ಒಂದು ಭಾಗ. ಆದ್ದರಿಂದ 5ನೆಯ ವಲಯಕ್ಕೆ ಬರುವುದು ಸುಮಾರು 60 ಕ್ಯಾಂಡಲ್.

ಮುಂದಿನದು ಸುಲಭ. ಎಫ್-ಸಂಖ್ಯೆಯನ್ನು ಫಿಲ್ಮಿನ ವೇಗಾಂಕದ ವರ್ಗಮೂಲಕ್ಕೆ ಹೊಂದಿಸಿದರೆ, ಷಟರ್ ತೆರೆದಿರಬೇಕಾದ ಕಾಲವು ಈ ಪ್ರಕಾಶದ ವಿಲೋಮ ಎಂಬುದು ಆಡಮ್ಸ್ ಬಳಸುತ್ತಿದ್ದ ಸೂತ್ರ. ಫಿಲ್ಮಿನ ವೇಗಾಂಕ 64, ವರ್ಗಮೂಲ 8. ಎಂದರೆ ಎಫ್/8ರಲ್ಲಿ 1/60 ಸೆಕೆಂಡು. ಮಸೂರದ ಮುಂದಿದ್ದ ಹಳದಿ ಫಿಲ್ಟರು ಮೂರು ಪಟ್ಟು ಬೆಳಕು ಬೇಡುತ್ತದೆ. ಹಾಗಾಗಿ 1/20 ಸೆಕೆಂಡು. ಹತ್ತಿರದ ಪೊದೆಯಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿರಲು ರಂಧ್ರವನ್ನು ಎಫ್/32ಕ್ಕೆ ಕಿರಿದುಗೊಳಿಸಿದಾಗ ಬೆಳಕು 16 ಪಟ್ಟು ಕಡಿಮೆಯಾಗುತ್ತದೆ. 16/20 ಎಂದರೆ 0.8 ಸೆಕೆಂಡು. ಆಡಮ್ಸ್ ಕೊಟ್ಟ ಎಕ್ಸ್‌ಪೋಷರ್ 1 ಸೆಕೆಂಡು. ಇದನ್ನು ಊಹೆ ಎನ್ನುವುದಾದರೆ ನಾವು ಪ್ರಯೋಗಾಲಯದಲ್ಲಿ ಮಾಡುವ ಎಲ್ಲ ಲೆಕ್ಕಗಳನ್ನೂ ಊಹೆ ಎನ್ನಬೇಕಾದೀತು!

ಇಲ್ಲಿ ವಿದ್ಯಾರ್ಥಿಯೊಬ್ಬ ಕೇಳಬಹುದು: ಚಂದ್ರ ಅಷ್ಟು ದೂರದಲ್ಲಿರುವಾಗ ವಿಲೋಮ ವರ್ಗ ನಿಯಮ ಅಡ್ಡಬರುವುದಿಲ್ಲವೇ? ಬರುವುದಿಲ್ಲ. ದೂರ ಹೆಚ್ಚಿದಂತೆ ನಮ್ಮನ್ನು ತಲಪುವ ಬೆಳಕು ಎಷ್ಟು ಕಡಿಮೆಯಾಗುತ್ತದೆಯೋ, ಬಿಂಬದ ವಿಸ್ತೀರ್ಣವೂ ಅಷ್ಟೇ ಕಿರಿದಾಗುತ್ತದೆ. ಬಿಂಬದ ಒಂದೊಂದು ಚುಕ್ಕೆಯ ಪ್ರಕಾಶ ಹಾಗೆಯೇ ಉಳಿಯುತ್ತದೆ. ಚಂದ್ರನೆಂದರೆ ನಮ್ಮ ಭೂಮಿಗೆ ಬೀಳುವಷ್ಟೇ ಬಿಸಿಲಿನಲ್ಲಿರುವ, ಬೆಳಕಿನ ಸುಮಾರು 12% ಮಾತ್ರ ಹಿಂದಿರುಗಿಸುವ ಕಪ್ಪು ಬಂಡೆ.

ಆದರೆ 250 ಎಂಬುದು ಎಲ್ಲ ರಾತ್ರಿಗೂ ಸಲ್ಲುವ ಸ್ಥಿರಾಂಕವಲ್ಲ. ಅರ್ಧಚಂದ್ರನ ಒಟ್ಟು ಬೆಳಕು ಹುಣ್ಣಿಮೆಯ ಚಂದ್ರನ ಹತ್ತರಲ್ಲೊಂದು ಭಾಗದಷ್ಟು. ಆದ್ದರಿಂದ ಕಲೆ ತಿಳಿಯದೆ ಸಂಖ್ಯೆ ಬಳಸುವಂತಿಲ್ಲ. ಈ ಚಿತ್ರದ ತಾರೀಖಿನ ಬಗ್ಗೆ ಸ್ವತಃ ಆಡಮ್ಸ್ ಬೇರೆ ಬೇರೆ ವರ್ಷ ಹೇಳುತ್ತಿದ್ದರು. ಖಗೋಳ ಗಣಿತ ಅದನ್ನು ಬಗೆಹರಿಸಿತು. ಮೊದಲು ಡೇವಿಡ್ ಎಲ್ಮೋರ್ 1941ರ ಅಕ್ಟೋಬರ್ 31 ಎಂದು ಲೆಕ್ಕ ಹಾಕಿದರು. 1991ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯ ಡೆನಿಸ್ ಡಿ ಚಿಕೊ ಅದನ್ನು ತಿದ್ದಿ, 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಎಂದು ನಿಗದಿಪಡಿಸಿದರು. ಹುಣ್ಣಿಮೆಗೆ ಆಗ ಸುಮಾರು ಎರಡು ದಿನ ಬಾಕಿ. ಆದ್ದರಿಂದ ಆಡಮ್ಸ್ ಬಳಸಿದ ಸಂಖ್ಯೆ ಹೆಚ್ಚು ತಪ್ಪಿರಲಾರದು.

ನೆರಳಿನ ಬಡತನ

ಈಗ ಚಿತ್ರದ ಕೊರತೆಗೆ ಬರೋಣ. ಫಿಲ್ಮಿನ ಕಾಲದ ಹಳೆಯ ನಿಯಮ, ಆಡಮ್ಸ್ ತಾವೇ ಬೋಧಿಸುತ್ತಿದ್ದ ನಿಯಮ, ಹೀಗಿದೆ: ಎಕ್ಸ್‌ಪೋಷರನ್ನು ನೆರಳಿಗೆ ತಕ್ಕಂತೆ ಕೊಡಿ, ಡೆವಲಪ್ ಮಾಡುವಾಗ ಹೊಳಪಿಗೆ ತಕ್ಕಂತೆ ನಿಯಂತ್ರಿಸಿ. ಏಕೆಂದರೆ ನೆಗೆಟಿವ್ ಫಿಲ್ಮು ಹೆಚ್ಚಿನ ಬೆಳಕನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ತೀರ ಕಡಿಮೆ ಬೆಳಕು ಬಿದ್ದರೆ ಮಾತ್ರ ಅಲ್ಲಿ ಬೆಳ್ಳಿಯೇ ಕೂಡುವುದಿಲ್ಲ. ಹೆರ್ನಾಂಡಿಸ್‌ನಲ್ಲಿ ಆಡಮ್ಸ್ ಇದಕ್ಕೆ ತಿರುಗುಮುರುಗಾಗಿ, ಅತಿ ಹೊಳಪಿನ ವಸ್ತುವೊಂದನ್ನು ಹಿಡಿದು ಲೆಕ್ಕ ಹಾಕಿದರು. ಮುನ್ನೆಲದ ಪೊದೆಗಳಲ್ಲಿ ಎಷ್ಟು ಬೆಳಕಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಪರಿಣಾಮ ಏನಾಯಿತು? ನೆಗೆಟಿವಿನ ಕೆಳಭಾಗ ತೆಳುವಾಯಿತು. ಡೆವಲಪ್ ಮಾಡುವಾಗಲೇ ದ್ರಾವಣಕ್ಕೂ ನೀರಿಗೂ ಸರದಿಯಂತೆ ಹತ್ತು ಸಲ ಅದ್ದಿ ನೆರಳನ್ನು ಮೇಲೆತ್ತುವ ಯತ್ನ ನಡೆಯಿತು. 1948ರಲ್ಲಿ ನೆಗೆಟಿವಿನ ಕೆಳಭಾಗವನ್ನು ಮತ್ತೆ ರಾಸಾಯನಿಕವಾಗಿ ದಟ್ಟಗೊಳಿಸಿದರು. ಆದರೂ ಪ್ರಿಂಟು ಮಾಡಲು ಕಷ್ಟಕರವಾದ ನೆಗೆಟಿವ್ ಆಗಿಯೇ ಅದು ಉಳಿಯಿತು. ಎರಡನೆಯದೊಂದು ನೆಗೆಟಿವ್ ತೆಗೆಯಲು ಅವರು ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಒಂದು ವಲಯದಷ್ಟು ಹೆಚ್ಚು, ಎಂದರೆ 2 ಸೆಕೆಂಡು ಕೊಟ್ಟಿದ್ದರೆ? ಚಂದ್ರ 8ನೆಯ ವಲಯಕ್ಕೆ ಏರುತ್ತಿದ್ದ. ಅಲ್ಲಿಯೂ ಅವನ ಕಲೆಗಳು ಮಸುಕಾಗಿಯಾದರೂ ಉಳಿಯುತ್ತಿದ್ದವು. ಪೊದೆಗಳಿಗೆ ಇಮ್ಮಡಿ ಬೆಳಕು ಸಿಗುತ್ತಿತ್ತು. ದಿಗಂತದ ಮೋಡಗಳು ಮಾತ್ರ ಅಪಾಯಕ್ಕೆ ಸಿಲುಕುತ್ತಿದ್ದವು. ಆದರೂ ಫಿಲ್ಮಿನ ಗುಣ ನೋಡಿದರೆ ಆ ನಷ್ಟ ಸಹಿಸಬಹುದಾದದ್ದು ಎಂಬುದು ನನ್ನ ಅಭಿಪ್ರಾಯ. ಕಪ್ಪು ಆಕಾಶದ ಬಗ್ಗೆಯೂ ಒಂದು ಮಾತು: ಆ ಸಂಜೆ ಆಕಾಶ ಕಪ್ಪಾಗಿರಲಿಲ್ಲ. ಆರಂಭದ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡದ ಎಳೆಗಳಿವೆ. ಆಡಮ್ಸ್ ವರ್ಷಗಳು ಕಳೆದಂತೆ ಪ್ರಿಂಟಿನಲ್ಲಿ ಅದನ್ನು ಕಪ್ಪಾಗಿಸುತ್ತ ಹೋದರು. ಇದು ಕಲಾವಿದನ ಹಕ್ಕು. ಒಂದೇ ನೆಗೆಟಿವಿನಿಂದ ಅವರು ಸಾವಿರಕ್ಕೂ ಹೆಚ್ಚು ಪ್ರಿಂಟು ಮಾಡಿದರು; ವ್ಯಾಖ್ಯಾನವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆದರೆ ಆ 1 ಸೆಕೆಂಡಿನಲ್ಲಿ ಸಂಗ್ರಹವಾದ ಬೆಳಕನ್ನು ಬದಲಿಸಲಾಗದು. ಎಕ್ಸ್‌ಪೋಷರ್ ಎಂಬುದು ಅಳತೆ. ಪ್ರಿಂಟು ಅದರ ವ್ಯಾಖ್ಯಾನ.

ನಾಯ್ಸ್ ಎಲ್ಲಿಂದ ಬರುತ್ತದೆ?

ಇಂದಿನ ಕ್ಯಾಮೆರಾಗಳಲ್ಲಿ ಇದೇ ಬಡತನ ಬೇರೆ ರೂಪದಲ್ಲಿ ಕಾಣುತ್ತದೆ. ನೆರಳಿನ ಭಾಗವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದಾಗ ಏಳುವ ಕಾಳುಕಾಳಾದ ಚುಕ್ಕೆಗಳನ್ನು ‘ನಾಯ್ಸ್’ ಎನ್ನುತ್ತೇವೆ. ಐಎಸ್‌ಒ ಹೆಚ್ಚಿಸುವುದೇ ಇದಕ್ಕೆ ಕಾರಣ ಎಂದು ಬಹುಮಂದಿ ಹೇಳುತ್ತಾರೆ. ಇದು ಸರಿಯಲ್ಲ. ಮುಖ್ಯ ಕಾರಣ ಫೋಟಾನುಗಳ ಕೊರತೆ.

ಮಳೆಹನಿಗಳಂತೆ ಫೋಟಾನುಗಳೂ ಎಣಿಸಿದಂತೆ ಸಮನಾಗಿ ಬೀಳುವುದಿಲ್ಲ. ಸರಾಸರಿ 10,000 ಬೀಳುವ ಕಡೆ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ 100, ಅದು 1%. ಸರಾಸರಿ 100 ಬೀಳುವ ನೆರಳಿನಲ್ಲಿ ಏರಿಳಿತ 10, ಅದು 10%. ಕಣ್ಣಿಗೆ ಕಾಣುವುದು ಈ ಶೇಕಡಾವಾರು ಏರಿಳಿತ. ಇದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಬೆಳಕು ಬೇಕು.

ಷಟರ್ ಮತ್ತು ರಂಧ್ರವನ್ನು ಹಾಗೆಯೇ ಇರಿಸಿ ಐಎಸ್‌ಒ ಮಾತ್ರ ಹೆಚ್ಚಿಸಿದರೆ ಫೋಟಾನುಗಳ ಸಂಖ್ಯೆ ಬದಲಾಗುವುದಿಲ್ಲ, ಸಂಕೇತವಷ್ಟೇ ವರ್ಧಿಸುತ್ತದೆ. 1948ರಲ್ಲಿ ಆಡಮ್ಸ್ ನೆಗೆಟಿವನ್ನು ದಟ್ಟಗೊಳಿಸಿದ್ದಕ್ಕೆ ಇದನ್ನು ಹೋಲಿಸಬಹುದು. ಆದರೆ ಸ್ವಯಂಚಾಲಿತ ಕ್ರಮದಲ್ಲಿ ಐಎಸ್‌ಒ ಹೆಚ್ಚಿಸಿದೊಡನೆ ಕ್ಯಾಮೆರಾ ಷಟರ್ ಕಾಲವನ್ನು ತಗ್ಗಿಸುತ್ತದೆ. ಬೆಳಕು ಕಡಿಮೆಯಾಗಿ ನಾಯ್ಸ್ ಎದ್ದು ಕಾಣುತ್ತದೆ. ಅಪವಾದ ಮಾತ್ರ ಐಎಸ್‌ಒ ಮೇಲೆ.

ಇನ್ನೊಂದು ವ್ಯತ್ಯಾಸವೂ ಇದೆ. ಡಿಜಿಟಲ್ ಸಂವೇದಕದ ಕೋಶ ಕೊಡದಂತೆ: ತುಂಬಿದ ಮೇಲೆ ಚೆಲ್ಲುತ್ತದೆ, ಆಮೇಲಿನ ವಿವರವೆಲ್ಲ ಬರಿ ಬಿಳಿ. ಹೀಗಾಗಿ ಅತಿ ಹೊಳಪಿನ ಭಾಗ ತುಂಬಿ ಚೆಲ್ಲದಂತೆ ನೋಡಿಕೊಂಡು, ಅದರ ಕೆಳಗೆ ಸಾಧ್ಯವಾದಷ್ಟು ಹೆಚ್ಚು ಬೆಳಕು ಕೂಡಿಸುವುದು ಇಂದಿನ ಸರಿಯಾದ ಕ್ರಮ. ವಿಚಿತ್ರವೆಂದರೆ ಹೆರ್ನಾಂಡಿಸ್‌ನಲ್ಲಿ ಆಡಮ್ಸ್ ಅನುಸರಿಸಿದ್ದು ಇಂಥ ಕ್ರಮವನ್ನೇ. ಫಿಲ್ಮಿಗೆ ಒಗ್ಗದ ಆ ಲೆಕ್ಕ ಇಂದಿನ ಸಂವೇದಕಕ್ಕೆ ಹೇಳಿ ಮಾಡಿಸಿದಂತಿದೆ!

ನೀವೇ ಪರೀಕ್ಷಿಸಿ

ಚಂದ್ರ ನಮ್ಮ ಊರಿಗೂ ಅದೇ ಚಂದ್ರ. ಹುಣ್ಣಿಮೆಯ ಹಿಂದಿನ ಸಂಜೆ ಅವನು ಸೂರ್ಯಾಸ್ತಕ್ಕೆ ಮೊದಲೇ ಮೂಡಿರುತ್ತಾನೆ. ಊರ ಹೊರಗಿನ ಹೊಲದಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ. ಸ್ವಯಂಚಾಲಿತ ಕ್ರಮ ಬೇಡ. ಕ್ಯಾಮೆರಾದ ಮೀಟರು ಎಲ್ಲವನ್ನೂ ನಡುಬೂದು ಎಂದೇ ಎಣಿಸುತ್ತದೆ: ಚೌಕಟ್ಟು ತುಂಬ ಸುಣ್ಣ ಬಳಿದ ಗುಡಿಯಿದ್ದರೂ ಬೂದು, ಎರೆಹೊಲವಿದ್ದರೂ ಬೂದು. ಚೌಕಟ್ಟು ತುಸು ಸರಿದರೆ ಎಕ್ಸ್‌ಪೋಷರ್ ಬದಲಾಗುವುದು ಇದರಿಂದಲೇ. ಬೆಳಕು ಬದಲಾಗದ ತನಕ ಒಂದೇ ಎಕ್ಸ್‌ಪೋಷರನ್ನು ಕೈಯಿಂದಲೇ ನಿಗದಿಪಡಿಸಿ.

ಆಡಮ್ಸ್ ಸಂಖ್ಯೆಯಂತೆ, ಫಿಲ್ಟರಿಲ್ಲದೆ, ಐಎಸ್‌ಒ 100 ಮತ್ತು ಎಫ್/8ಕ್ಕೆ ಬರುವ ಷಟರ್ ಕಾಲ ಸುಮಾರು 1/100 ಸೆಕೆಂಡು. ಅಲ್ಲಿಂದ ಆರಂಭಿಸಿ 1/50, 1/25 ಹೀಗೆ ಇಮ್ಮಡಿಸುತ್ತ, ಪ್ರತಿ ಹೆಜ್ಜೆಯಲ್ಲೂ ಎರಡೆರಡು ಚಿತ್ರಗಳನ್ನು ರಾ ಕಡತವಾಗಿ ತೆಗೆಯಿರಿ. ಆಮೇಲೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ, ವರ್ಧನೆಯಿಲ್ಲದ ಮೂಲ ಮೌಲ್ಯಗಳನ್ನೇ ಬಳಸಿ, ನೆರಳಿನ ಒಂದು ಸಣ್ಣ ಚೌಕವನ್ನು ಆರಿಸಿ. ಜೋಡಿಯ ಒಂದರಿಂದ ಇನ್ನೊಂದನ್ನು ಕಳೆಯಿರಿ. ಮಣ್ಣಿನ ವಿನ್ಯಾಸ ಹೋಗಿ ನಾಯ್ಸ್ ಮಾತ್ರ ಉಳಿಯುತ್ತದೆ. ಉಳಿದುದರ ಮಾನಕ ವಿಚಲನೆಯನ್ನು 1.41ರಿಂದ ಭಾಗಿಸಿ, ಚೌಕದ ಸರಾಸರಿಗೆ ಹೋಲಿಸಿ. ಬೆಳಕು ನಾಲ್ಕು ಪಟ್ಟಾದಾಗ ಅನುಪಾತ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದನ್ನು ನೋಡುತ್ತೀರಿ. ಚಂದ್ರ ಯಾವ ಹೆಜ್ಜೆಯಲ್ಲಿ ಬರಿ ಬಿಳಿಯಾದ ಎಂಬುದನ್ನೂ ಗುರುತಿಸಿಕೊಳ್ಳಿ. ಆ ಮಿತಿಯನ್ನು ದಾಟದೆ ನೆರಳನ್ನು ಇನ್ನೂ ಶುದ್ಧಗೊಳಿಸಬೇಕೆ? ಒಂದೇ ಎಕ್ಸ್‌ಪೋಷರಿನ 16 ಚಿತ್ರಗಳ ಸರಾಸರಿ ತೆಗೆದರೆ ನಾಯ್ಸ್ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿಗೆ ತೂಗುವ ಪೈರು ಮಾತ್ರ ಮಸುಕಾದೀತು.

ಹೆರ್ನಾಂಡಿಸ್‌ನ ಚಿತ್ರ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ವಿದ್ಯಾರ್ಥಿಗಳ ಮುಂದಿಡುವಾಗ ಅದೃಷ್ಟದ ಕಥೆಯಾಗಿ ಹೇಳಬೇಡಿ. ಸಂಖ್ಯೆಯೊಂದನ್ನು ಅರ್ಥಸಹಿತ ನೆನಪಿಟ್ಟುಕೊಂಡವನಿಗೆ ಉಪಕರಣವಿಲ್ಲದ ಗಳಿಗೆಯಲ್ಲೂ ಅಳತೆ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಅಳೆಯದೆ ಬಿಟ್ಟ ನೆರಳಿಗೆ ಮುಂದೆ ಎಷ್ಟು ವರ್ಷ ದುಡಿಯಬೇಕಾಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.