ಅಕಾರಾದಿಯೂ ಕನ್ನಡಿಗರ ಹೆಸರುಗಳೂ

ಅಕಾರಾದಿಕ್ರಮವು ಸ್ವಯಂಸಿದ್ಧವಾದುದೆಂದು ಭಾವಿಸುವುದು ರೂಢಿ. ವಿಚಾರಿಸಿ ನೋಡಿದರೆ ಅದೂ ಒಂದು ಏರ್ಪಾಡು ಮಾತ್ರ. ಅಮರಕೋಶವು ಪದಗಳನ್ನು ಸ್ವರ್ಗ, ವನೌಷಧಿ, ಸಿಂಹಾದಿ ಎಂದು ಅರ್ಥಾನುಸಾರವಾಗಿ ವರ್ಗಗಳಲ್ಲಿ ಇರಿಸಿತು. ಅದರ ನಾನಾರ್ಥವರ್ಗವು ಪದದ ಕೊನೆಯ ವ್ಯಂಜನವನ್ನು ಅನುಸರಿಸಿತು. ಅದು ಕಂಠಪಾಠ ಮಾಡುವವನಿಗೆ ಒಪ್ಪುವ ಕ್ರಮ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಮೊದಲಕ್ಷರವನ್ನು ಹಿಡಿದುದು ಪುಟ ತೆರೆದು ಹುಡುಕುವವನಿಗಾಗಿ. ಆದುದರಿಂದ ಹುಡುಕುವವನು ಏನನ್ನು ಬಲ್ಲವನಾಗಿ ಬರುತ್ತಾನೆಂಬುದೇ ಯಾವ ಕ್ರಮಕ್ಕಾದರೂ ಒರೆಗಲ್ಲು.

ಪದಗಳಲ್ಲಿ ಸುಸೂತ್ರವಾಗಿ ನಡೆಯುವ ಅಕಾರಾದಿಯು ವ್ಯಕ್ತಿನಾಮಗಳಲ್ಲಿ ಎಡವುತ್ತದೆ. ಮುಂಬಯಿಯ ಕಡತಗಳಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಬಳಿಕ. ಮರಾಠಿ ಹೆಸರುಗಳಿಗೆ ಇದು ಸಹಜ; ಬೇಂದ್ರೆ, ಚಿತ್ತಾಲ ಎಂಬ ಹೆಸರುಗಳಿಗೂ ತೊಡಕಿಲ್ಲ. ಗೌರೀಶ ಕಾಯ್ಕಿಣಿ, ಅವರ ಪುತ್ರ ಜಯಂತ ಕಾಯ್ಕಿಣಿ ಇಬ್ಬರೂ ಒಂದೆಡೆಯೇ ದೊರೆಯುತ್ತಾರೆ. ಹಳೆಯ ಮೈಸೂರಿನ ಪದ್ಧತಿ ಬೇರೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬಲ್ಲಿ ಊರು, ತಂದೆ, ತಾನು ಎಂಬುದು ಅನುಕ್ರಮ. ಅವರ ಪುತ್ರರು ಬಿ. ಜಿ. ಎಲ್. ಸ್ವಾಮಿ, ತಂದೆಯ ಹೆಸರು ನಡುವಣ ‘ಜಿ’ಯಲ್ಲಿ ಅಡಗಿದೆ. ಕೊನೆಯ ಪದವೇ ಮನೆತನದ್ದೆಂದು ಬಗೆದರೆ ತಂದೆ ಗಕಾರಕ್ಕೆ, ಮಗ ಸಕಾರಕ್ಕೆ ಸೇರಿ, ಸಂಬಂಧವೇ ಅಳಿಸಿಹೋಗುತ್ತದೆ.

ಹಾಗೆಂದು ಊರಿನ ಹೆಸರನ್ನೇ ಎಲ್ಲರಿಗೂ ಮೊದಲಿಡೋಣವೆಂಬ ವಾದವೂ ನಿಲ್ಲದು. ವೆಂಕಟೇಶ ಅಯ್ಯಂಗಾರ್ಯರು ಊರಿನ ಹೆಸರಿನಿಂದ ಮಾಸ್ತಿಯೆನಿಸಿದರು. ಕೋಟದ ಶಿವರಾಮರು ಕಾರಂತರೆನಿಸಿದರು. ಕುಪ್ಪಳಿಯ ಪುಟ್ಟಪ್ಪನವರು ಕುವೆಂಪು ಆದರು. ಓದುಗನು ಬಲ್ಲದ್ದು ಈ ಪ್ರಸಿದ್ಧ ರೂಪವನ್ನೇ. ಒಂದೇ ಸೂತ್ರದಿಂದ ಎಲ್ಲರನ್ನೂ ಅಳೆಯಹೊರಟವನು ಅಚ್ಚುಕಟ್ಟನ್ನು ಗಳಿಸಿ ಓದುಗನನ್ನು ಕಳೆದುಕೊಳ್ಳುತ್ತಾನೆ.

ಈ ತೊಡಕಿನ ಪರಿಹಾರಕ್ಕೆ ದಾದರ್ ನಿಲ್ದಾಣವೇ ದೃಷ್ಟಾಂತವಾಗಬಲ್ಲುದು. ಅಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಗಳೆರಡಕ್ಕೂ ಒಂದನೆಯ ಪ್ಲಾಟ್‌ಫಾರ್ಮು ಬೇರೆಬೇರೆಯಾಗಿತ್ತು. ಬರಿಯ ಸಂಖ್ಯೆಯನ್ನು ಕೇಳಿದ ಪ್ರಯಾಣಿಕನು ದಾರಿತಪ್ಪುವ ಸಂಭವವಿತ್ತು. 2023ರ ಡಿಸೆಂಬರಿನಲ್ಲಿ ಪಶ್ಚಿಮದವು 1ರಿಂದ 7 ಆಗಿಯೇ ಉಳಿದು, ಮಧ್ಯದವು 8ರಿಂದ 14 ಆದವು. ಒಂದು ಸಂಖ್ಯೆಗೆ ಒಂದೇ ಸ್ಥಾನ ದೊರೆಯಿತು. ಆದರೆ ಅಲ್ಲಿಗೆ ಹೋಗುವ ಸೇತುವೆಗಳು ಹಲವು. ಬ್ಯಾಂಕಿನ ಲೆಡ್ಜರಿನ ನೀತಿಯೂ ಇದೇ: ಖಾತೆಗೆ ಸಂಖ್ಯೆಯೊಂದು, ಅದನ್ನು ತಲುಪಿಸುವ ಹೆಸರಿನ ಸೂಚಿ ಪ್ರತ್ಯೇಕ.

ಕನ್ನಡ ಗ್ರಂಥಾಲಯಗಳ ಸೂಚಿಗೂ ಈ ವಿವೇಕವೇ ಬೇಕು. ಪ್ರಸಿದ್ಧನಾಮದಡಿಯಲ್ಲಿ ಮುಖ್ಯ ನಮೂದು. ಊರು, ಮನೆತನ, ಪೂರ್ಣನಾಮ, ಕಾವ್ಯನಾಮ ಇವುಗಳಡಿಯಲ್ಲಿ ‘ನೋಡಿ’ ಎಂಬ ಕಾರ್ಡು. ‘ಶ್ರೀನಿವಾಸ’ ಎಂದು ಹುಡುಕಿದವನೂ ಮಾಸ್ತಿಯವರನ್ನು ತಲುಪಬೇಕು. ಗಣಕಯಂತ್ರವು ಈ ಜೋಡಣೆಯನ್ನು ಕ್ಷಣದಲ್ಲಿ ಮಾಡಬಲ್ಲುದಾದರೂ ಯಾವ ಹೆಸರು ಯಾರದೆಂಬ ತಿಳಿವಳಿಕೆಯನ್ನು ಮನುಷ್ಯನೇ ಒದಗಿಸಬೇಕು. ಊರನ್ನು ಬಿಟ್ಟು ಬಂದ ಸಮುದಾಯಕ್ಕೆ ಇದು ಬರಿಯ ಗುಮಾಸ್ತಗಿರಿಯಲ್ಲ. ಎರಡು ತಲೆಮಾರು ಕಳೆದ ಮೇಲೆ ತಾತನ ಊರು ಎಲ್ಲಿಯಾದರೂ ಉಳಿದಿರುವುದಾದರೆ, ಅದು ಅವನ ಹೆಸರಿನ ಮೊದಲಕ್ಷರದಲ್ಲಿ. ಆ ಅಕ್ಷರವನ್ನು ಬಿಡಿಸಿ ಬರೆದಿಡದ ಸೂಚಿಯು ಎಷ್ಟೇ ಕ್ರಮಬದ್ಧವಾಗಿದ್ದರೂ ಅಪೂರ್ಣವೇ ಸರಿ.